ಗಂಗೊಳ್ಳಿಯ ಮೀನು, ಕೋಟೇಶ್ವರದ ಗದ್ದೆ: ಮಾದರಿ ಆಯ್ಕೆಯ ತಪ್ಪುಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಉಡುಪಿ ಜಿಲ್ಲೆಯ ಗಂಗೊಳ್ಳಿ ಬಂದರಿಗೆ ಒಂದು ದಿನದಲ್ಲಿ ಎಷ್ಟು ಮೀನು ಬರುತ್ತದೆ? ಕೇಳುವುದು ಸುಲಭ, ಉತ್ತರ ಕೊಡುವುದು ಕಷ್ಟ. ಬೋಟುಗಳು ಒಂದೇ ಹೊತ್ತಿಗೆ ಬರುವುದಿಲ್ಲ. ಬಂದ ಮೀನೆಲ್ಲ ಒಂದೇ ತಕ್ಕಡಿಯ ಮೇಲೆ ಹಾದುಹೋಗುವುದೂ ಇಲ್ಲ. ಬುಟ್ಟಿ, ಕ್ರೇಟುಗಳ ಲೆಕ್ಕದಲ್ಲಿ ಹರಾಜಾಗಿ, ಐಸಿನ ಜತೆ ಲಾರಿ ಏರಿ ಹೊರಟುಬಿಡುತ್ತದೆ. ಪ್ರತಿ ಬೋಟಿನ ಮುಂದೆಯೂ ಒಬ್ಬರನ್ನು ನಿಲ್ಲಿಸುವುದು ಯಾವ ಇಲಾಖೆಯ ಕೈಯಲ್ಲೂ ಆಗದು. ಆದ್ದರಿಂದ ಕೆಲವು ದಿನ, ಕೆಲವು ಹೊತ್ತು, ಕೆಲವು ಬೋಟು ನೋಡಿ ಉಳಿದದ್ದನ್ನು ಅಂದಾಜು ಮಾಡಬೇಕಾಗುತ್ತದೆ. ನೋಡುವವರು ಯಾವ ದಿನ ಹೋದರು, ಎಷ್ಟು ಹೊತ್ತಿಗೆ ಹೋದರು, ಎಲ್ಲಿ ನಿಂತರು ಎಂಬುದು ಆ ಅಂದಾಜಿನೊಳಗೆ ಸೇರಿಕೊಳ್ಳುತ್ತದೆ.

ಅದೇ ಜಿಲ್ಲೆಯ ಕೋಟೇಶ್ವರದಿಂದ ಇಪ್ಪತ್ತೈದು ಕಿಲೋಮೀಟರಿನೊಳಗೆ ಈ ಮೀನುಗಾರಿಕಾ ಬಂದರು ಇದೆ, ಭತ್ತದ ಬೈಲುಗಳಿವೆ, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವಿದೆ, ಬೆಂಗಳೂರು ಮುಂಬಯಿಗಳ ಹೋಟೆಲುಗಳಿಗೆ ಮಕ್ಕಳನ್ನು ಕಳಿಸಿದ ಸಾವಿರಾರು ಮನೆಗಳಿವೆ. ಮಾದರಿ ಆಯ್ಕೆಯಲ್ಲಿ ತಪ್ಪು ಎಲ್ಲೆಲ್ಲಿಂದ ಬರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಾಗಿಲ್ಲ. ಮಾದರಿಯ ಸಂಖ್ಯೆ ಕಡಿಮೆಯಾದ್ದರಿಂದ ಬರುವ ತಪ್ಪು ಒಂದು ಬಗೆಯದು, ಅದು ಸಂಖ್ಯೆ ಹೆಚ್ಚಿಸಿದರೆ ತಗ್ಗುತ್ತದೆ. ಆಯ್ಕೆಯೇ ಒಂದು ಕಡೆಗೆ ವಾಲಿದ್ದರಿಂದ ಬರುವ ತಪ್ಪು ಇನ್ನೊಂದು ಬಗೆಯದು. ಅದಕ್ಕೆ ಸಂಖ್ಯೆ ಮದ್ದಲ್ಲ. ವಾಲಿದ ಆಯ್ಕೆಯಿಂದ ಹತ್ತರ ಬದಲು ಸಾವಿರ ತೆಗೆದುಕೊಂಡರೆ ಅದೇ ತಪ್ಪನ್ನು ಹೆಚ್ಚು ಧೈರ್ಯದಿಂದ ಹೇಳಿದಂತಾಗುತ್ತದೆ, ಅಷ್ಟೆ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮೊದಲನೆಯದರ ಚರ್ಚೆ ಪುಟಗಟ್ಟಲೆ ಇರುತ್ತದೆ, ಎರಡನೆಯದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಈ ಟಿಪ್ಪಣಿ ಮುಖ್ಯವಾಗಿ ಎರಡನೆಯದರ ಬಗ್ಗೆ.

ಮೊದಲು ಮೀನು. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದೇಶದ ಕರಾವಳಿಯ ಮೀನಿನ ಪ್ರಮಾಣವನ್ನು ಅಂದಾಜು ಮಾಡಲು ಒಂದು ಕ್ರಮ ರೂಪಿಸಿತು. ಜಾಗ ಮತ್ತು ಕಾಲ ಎರಡನ್ನೂ ಸ್ತರಗಳಾಗಿ ವಿಂಗಡಿಸಿ, ಹಂತ ಹಂತವಾಗಿ ಮಾದರಿ ಆರಿಸುವ ಕ್ರಮ ಅದು. ತಿಂಗಳನ್ನು ಹತ್ತತ್ತು ದಿನಗಳ ಮೂರು ಭಾಗ ಮಾಡುತ್ತಾರೆ. ಮೊದಲ ಐದು ದಿನಗಳಲ್ಲಿ ಒಂದು ತಾರೀಕನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸುತ್ತಾರೆ. 4 ಬಂತು ಎನ್ನಿ, ಆಗ 4 ಮತ್ತು 5, 6 ಮತ್ತು 7, 8 ಮತ್ತು 9, ಹೀಗೆ ಎರಡೆರಡು ದಿನಗಳ ಮೂರು ಜೋಡಿ ಸಿಗುತ್ತವೆ. ಮುಂದಿನ ಭಾಗಗಳಲ್ಲಿ ಹತ್ತು ದಿನ ಕೂಡಿಸಿಕೊಂಡು 14ರಿಂದ, 24ರಿಂದ ಹಾಗೆಯೇ ನಡೆಯುತ್ತದೆ. ಜೋಡಿಯ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಎರಡನೇ ದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ಬಂದರಿನಲ್ಲಿದ್ದು ನೋಡಬೇಕು. ನಡುವಿನ ರಾತ್ರಿ ಬಂದ ಬೋಟುಗಳ ವಿವರವನ್ನು ವಿಚಾರಿಸಿ ಬರೆದುಕೊಳ್ಳಬೇಕು. ಹದಿನೈದರೊಳಗೆ ಬೋಟು ಬಂದರೆ ಎಲ್ಲವನ್ನೂ ನೋಡಬೇಕು. 20ರಿಂದ 29 ಇದ್ದರೆ ಎರಡಕ್ಕೊಂದು, ಮುವ್ವತ್ತರ ಮೇಲೆ ಮೂರಕ್ಕೊಂದು, ನಲವತ್ತರ ಮೇಲೆ ನಾಲ್ಕಕ್ಕೊಂದು, ಐವತ್ತಕ್ಕೆ ಮುಟ್ಟಿದರೆ ಐದಕ್ಕೊಂದು.

ಈ ನಿಯಮಗಳ ಪಟ್ಟಿ ಓದಲು ಒಣಒಣವಾಗಿದೆ, ನಿಜ. ಆದರೆ ಒಂದೊಂದು ನಿಯಮವೂ ಒಂದೊಂದು ತಪ್ಪಿನ ಬಾಗಿಲು ಮುಚ್ಚುತ್ತದೆ. ತಾರೀಕನ್ನು ಚೀಟಿಗೆ ಬಿಟ್ಟಿದ್ದು ಏಕೆ? ನೋಡುವವರ ಅನುಕೂಲದ ದಿನ ಬೇರೆ, ಸಮುದ್ರದ ದಿನ ಬೇರೆ. ಗಾಳಿ ಎದ್ದ ದಿನ, ಹಬ್ಬದ ದಿನ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ಮೀನುಗಾರಿಕೆ ಒಂದೇ ಥರ ಇರುವುದಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡೂ ಹೊತ್ತು ನಿಲ್ಲಬೇಕೆಂದದ್ದು ಏಕೆ? ನಸುಕಿಗೆ ಹೊರಟು ಅದೇ ದಿನ ಮರಳುವ ಬೋಟುಗಳೇ ಬೇರೆ, ಹಲವು ದಿನ ಆಳಸಮುದ್ರದಲ್ಲಿದ್ದು ಹರಾಜಿನ ಹೊತ್ತು ನೋಡಿಕೊಂಡು ದಕ್ಕೆಗೆ ಬರುವ ಟ್ರಾಲ್ ಬೋಟುಗಳೇ ಬೇರೆ. ಒಂದೇ ಹೊತ್ತಿನಲ್ಲಿ ನಿಂತವರಿಗೆ ಒಂದೇ ಜಾತಿಯ ಬೋಟು ಕಾಣುತ್ತದೆ. ಐದಕ್ಕೊಂದು ಎಂದದ್ದು ಏಕೆ? ಅರುವತ್ತು ಬೋಟು ಬರುವ ದಿನ ಮೊದಲು ಬಂದ ಹನ್ನೆರಡನ್ನು ನೋಡಿ ಮನೆಗೆ ಹೋಗಬಾರದೆಂದು. ಬೇಗ ಮರಳಿದ ಬೋಟು ಬಲೆ ತುಂಬಿ ಮರಳಿರಬಹುದು, ಎಂಜಿನ್ ಕೆಟ್ಟೂ ಮರಳಿರಬಹುದು. ಎರಡರಲ್ಲಿ ಯಾವುದೇ ಆದರೂ ಉಳಿದ ನಲವತ್ತೆಂಟರ ಪ್ರತಿನಿಧಿ ಅದಲ್ಲ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಒಂದು ಸಂಗತಿ ಉಳಿಯುತ್ತದೆ. ಕೈಯಲ್ಲಿ ಲೆಕ್ಕ ಹಾಕಿದರೆ ಚೆನ್ನಾಗಿ ತಿಳಿಯುತ್ತದೆ. ಅರುವತ್ತು ಬೋಟುಗಳಲ್ಲಿ ಐವತ್ತೊಂಬತ್ತಕ್ಕೆ ತಲಾ 200 ಕಿಲೋ ಮೀನು ಸಿಕ್ಕಿದೆ, ದೊಡ್ಡ ಸುತ್ತುಬಲೆಯ ಒಂದು ಪರ್ಸಿನ್ ಬೋಟಿಗೆ ಬೂತಾಯಿ ಮೀನಿನ ಹಿಂಡೇ ಸಿಕ್ಕಿ 8,000 ಕಿಲೋ ಬಂದಿದೆ ಎಂದು ಊಹಿಸಿಕೊಳ್ಳೋಣ. ನಿಜವಾದ ಮೊತ್ತ 19,800 ಕಿಲೋ. ಐದಕ್ಕೊಂದರಂತೆ ಹನ್ನೆರಡು ಬೋಟು ನೋಡುತ್ತೇವೆ. ಆ ಪರ್ಸಿನ್ ಬೋಟು ಹನ್ನೆರಡರಲ್ಲಿ ಸೇರಿಕೊಂಡರೆ ನಮ್ಮ ಅಂದಾಜು 51,000 ಕಿಲೋ. ಸೇರದಿದ್ದರೆ 12,000 ಕಿಲೋ. ಸೇರುವ ಸಾಧ್ಯತೆ ಐದರಲ್ಲಿ ಒಂದು, ಸೇರದಿರುವುದು ಐದರಲ್ಲಿ ನಾಲ್ಕು. ಈ ಎರಡನ್ನೂ ಅವುಗಳ ಸಾಧ್ಯತೆಯಿಂದ ಗುಣಿಸಿ ಕೂಡಿದರೆ 19,800 ಬರುತ್ತದೆ, ಸರಿಯಾಗಿ ನಿಜವಾದ ಮೊತ್ತ. ಅಂದರೆ ಕ್ರಮ ಎಲ್ಲಿಯೂ ವಾಲಿಲ್ಲ, ಪಠ್ಯಪುಸ್ತಕದ ಪ್ರಕಾರ ಅದರಲ್ಲಿ ದೋಷವೇ ಇಲ್ಲ. ಆದರೂ ಯಾವ ಒಂದು ದಿನವೂ ಅದು ನಿಜದ ಹತ್ತಿರ ಹೇಳುವುದಿಲ್ಲ. ಐದು ದಿನಗಳಲ್ಲಿ ನಾಲ್ಕು ದಿನ ಕಡಿಮೆ ಹೇಳುತ್ತದೆ, ಒಂದು ದಿನ ಎರಡೂವರೆ ಪಟ್ಟು ಹೆಚ್ಚು ಹೇಳುತ್ತದೆ.

ಇಲ್ಲಿ ಬೋಟುಗಳ ಸಂಖ್ಯೆಯನ್ನು ಹನ್ನೆರಡರಿಂದ ಹದಿನೈದಕ್ಕೆ ಏರಿಸುವುದರಿಂದ ಆಗುವ ಪ್ರಯೋಜನ ಅಲ್ಪ. ದಕ್ಕೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದ ಯಾರನ್ನು ಕೇಳಿದರೂ ಪರಿಹಾರ ಹೇಳಿಯಾರು: ಪರ್ಸಿನ್ ಬೋಟುಗಳನ್ನು ಬೇರೆ ಎಣಿಸಿ, ಟ್ರಾಲ್ ಬೋಟುಗಳನ್ನು ಬೇರೆ ಎಣಿಸಿ, ನಾಡದೋಣಿಗಳನ್ನು ಬೇರೆ ಎಣಿಸಿ. ಪರ್ಸಿನ್ ಬೋಟು ನಾಲ್ಕೇ ಇದ್ದರೆ ನಾಲ್ಕನ್ನೂ ನೋಡಿ. ಸಂಖ್ಯಾಶಾಸ್ತ್ರ ಸ್ತರೀಕರಣ ಎಂದು ಕರೆಯುವುದು ಇದನ್ನೇ. ಸ್ತರವನ್ನು ಎಲ್ಲಿ ಕತ್ತರಿಸಬೇಕೆಂದು ಸೂತ್ರ ಹೇಳುವುದಿಲ್ಲ, ವಿಷಯ ಬಲ್ಲವರು ಹೇಳುತ್ತಾರೆ. ಮಾದರಿ ವಿನ್ಯಾಸವನ್ನು ಮೇಜಿನ ಮೇಲೆ ಮುಗಿಸಿ ಬಳಿಕ ಬಂದರಿಗೆ ಹೋಗುವ ಕ್ರಮವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಬಂದರಿನ ಲೆಕ್ಕಕ್ಕೆ ಸಿಗದೆ ಜಾರಿಹೋಗುವುದೂ ಇದೆ. ಬಲೆ ಖಾಲಿಯಾಗಿ ಬಂದ ಬೋಟು ಹರಾಜಿನ ಜಾಗಕ್ಕೆ ಬರುವುದೇ ಇಲ್ಲ, ನೇರ ತಂಗುವಲ್ಲಿಗೆ ಹೋಗುತ್ತದೆ. ಹರಾಜಿನ ಹತ್ತಿರ ನಿಂತು ಬರೆದವರ ಪುಸ್ತಕದಲ್ಲಿ ಆ ದಿನದ ಶೂನ್ಯಗಳು ಇರುವುದಿಲ್ಲ, ಆದ್ದರಿಂದ ಬೋಟಿಗಿಷ್ಟು ಎಂಬ ಸರಾಸರಿ ಏರುತ್ತದೆ. ದರ ಚೆನ್ನಾಗಿದೆಯೆಂದು ಇಲ್ಲಿನ ಬೋಟು ಮಲ್ಪೆಯಲ್ಲಿ ಮೀನು ಇಳಿಸಿದರೆ ಅದು ಆ ಬಂದರಿನ ಲೆಕ್ಕಕ್ಕೆ ಸೇರುತ್ತದೆ. ಜಿಲ್ಲೆಯ ಮೊತ್ತಕ್ಕೆ ಅದರಿಂದ ಬಾಧೆಯಿಲ್ಲ, ಗಂಗೊಳ್ಳಿಯ ಮೀನುಗಾರರ ಆದಾಯ ಅಧ್ಯಯನ ಮಾಡುವವರಿಗೆ ಬಾಧೆಯಿದೆ. ಬೋಟಿನವರು ಮನೆಯ ಪದಾರ್ಥಕ್ಕೆಂದು ಒಯ್ಯುವ ಮೀನು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಒಂದು ಬೋಟಿಗೆ ಅದು ಅಲ್ಪವೇ. ಆದರೆ ಪ್ರತಿ ಬೋಟಿನಲ್ಲೂ ಪ್ರತಿ ದಿನವೂ ಒಂದೇ ದಿಕ್ಕಿನಲ್ಲಿ ಬಿಟ್ಟುಹೋಗುವುದು ಯಾವತ್ತೂ ಒಂದನ್ನೊಂದು ಸರಿದೂಗಿಸುವುದಿಲ್ಲ. ಇನ್ನು ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ ನಾಡದೋಣಿಯವರದೇ ಮೀನುಗಾರಿಕೆ. ಮೇ ತಿಂಗಳ ಸರಾಸರಿಯನ್ನು ಜೂನಿಗೆ ಎಳೆದು ವರ್ಷದ ಮೊತ್ತ ಕಟ್ಟುವವರು ಎರಡು ಬೇರೆ ಬೇರೆ ವೃತ್ತಿಗಳನ್ನು ಒಂದೆಂದು ಎಣಿಸಿದಂತೆ.

ಈಗ ಗದ್ದೆಗೆ. ಬೆಳೆ ಎಷ್ಟಾಯಿತು ಎಂಬುದನ್ನು ಹಿಂದೆ ಆಣೆವಾರಿಯಲ್ಲಿ ಹೇಳುತ್ತಿದ್ದರು. ಕಂದಾಯ ಇಲಾಖೆಯವರು ಗದ್ದೆ ನೋಡಿ ಈ ವರ್ಷ ಹನ್ನೆರಡಾಣೆ ಬೆಳೆ, ಹತ್ತಾಣೆ ಬೆಳೆ ಎಂದು ಕಣ್ಣಂದಾಜಿನಲ್ಲಿ ಬರೆಯುತ್ತಿದ್ದರು. ಕಣ್ಣಂದಾಜಿನ ತೊಂದರೆ ಏನೆಂದರೆ ಅದು ಸಾಮಾನ್ಯ ವರ್ಷದ ಕಡೆಗೆ ವಾಲುತ್ತದೆ: ಚೆನ್ನಾಗಿ ಬೆಳೆದ ವರ್ಷ ಕಡಿಮೆ, ಕೆಟ್ಟ ವರ್ಷ ಹೆಚ್ಚು. ಪರಿಹಾರ ಬೇಕಾಗುವುದು ಕೆಟ್ಟ ವರ್ಷದಲ್ಲೇ, ಆದ್ದರಿಂದ ಈ ತಪ್ಪಿನ ಭಾರ ರೈತನ ಮೇಲೆ ಬೀಳುತ್ತದೆ. 1920ರ ದಶಕದಲ್ಲಿ ಬಿಹಾರ ಮತ್ತು ಒರಿಸ್ಸಾದಲ್ಲಿ ಹಬ್ಬಾಕ್ ಎಂಬ ಅಧಿಕಾರಿ ತ್ರಿಕೋನದ ಚೌಕಟ್ಟೊಂದನ್ನು ಯಾದೃಚ್ಛಿಕವಾಗಿ ಆರಿಸಿದ ಜಾಗದಲ್ಲಿಟ್ಟು, ಅದರೊಳಗಿನ ಭತ್ತವನ್ನು ಕೊಯ್ದು ತೂಗಿದರು. ನಂತರ ಬಂಗಾಳದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಚಿಕ್ಕ ಚಿಕ್ಕ ತುಣುಕುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕೊಯ್ಯುವ ಕ್ರಮ ಬೆಳೆಸಿದರು. ಕೃಷಿ ಸಂಶೋಧನಾ ಮಂಡಳಿಯಲ್ಲಿದ್ದ ಸುಖಾತ್ಮೆ ಅದನ್ನು ಪ್ರಶ್ನಿಸಿದರು. ತುಣುಕು ಚಿಕ್ಕದಾದಷ್ಟೂ ಇಳುವರಿ ಹೆಚ್ಚು ಕಾಣುತ್ತದೆ ಎಂದು ಅಳತೆಗಳಿಂದ ತೋರಿಸಿ 1947ರಲ್ಲಿ ಪ್ರಕಟಿಸಿದರು.

ಏಕೆ ಹಾಗೆ? ಕೋಟೇಶ್ವರದ ಪೂರ್ವಕ್ಕಿರುವ ಯಾವುದಾದರೂ ಕಾರ್ತಿ (ಮುಂಗಾರು ಬೆಳೆಯ) ಗದ್ದೆಯಲ್ಲಿ ಹಗ್ಗ ಕಟ್ಟುವಾಗ ಗಮನಿಸಿ. ನಾಲ್ಕು ಗೂಟ ಹೊಡೆದು ಹಗ್ಗ ಬಿಗಿದರೆ ಅದು ಭತ್ತದ ಕೆಲವು ಬುಡಗಳ ಮೇಲೆಯೇ ಹಾದುಹೋಗುತ್ತದೆ. ಆ ಬುಡ ಒಳಗೋ ಹೊರಗೋ? ಕತ್ತಿ ಹಿಡಿದವರ ಕೈ ಸಾಮಾನ್ಯವಾಗಿ ಒಳಗೆ ಎನ್ನುತ್ತದೆ. ಎದುರಿಗಿರುವ ತೆನೆಯನ್ನು ಬಿಟ್ಟುಬರಲು ಯಾರಿಗೂ ಮನಸ್ಸು ಒಪ್ಪುವುದಿಲ್ಲ. ಹೀಗೆ ನಾಲ್ಕೂ ಕಡೆ ಸರಾಸರಿ 5 ಸೆಂಟಿಮೀಟರ್ ಹೆಚ್ಚು ಸೇರಿತೆನ್ನಿ. 5 ಮೀಟರ್ ಚೌಕದಲ್ಲಿ ಇಳುವರಿ ಶೇ 4ರಷ್ಟು ಹೆಚ್ಚು ಕಾಣುತ್ತದೆ. 1 ಮೀಟರ್ ಚೌಕದಲ್ಲಿ ಅದೇ 5 ಸೆಂಟಿಮೀಟರ್ ಶೇ 21ರಷ್ಟು ಹೆಚ್ಚು ತೋರಿಸುತ್ತದೆ. ಇಂಥ ಚಿಕ್ಕ ತುಣುಕುಗಳನ್ನು ಸಾವಿರ ಕೊಯ್ದರೂ ಶೇ 21 ಹಾಗೆಯೇ ಉಳಿಯುತ್ತದೆ. ಬೆಳೆ ಕಟಾವು ಪ್ರಯೋಗದಲ್ಲಿ ಮೀಟರುಗಟ್ಟಲೆ ಉದ್ದಗಲದ ದೊಡ್ಡ ತುಣುಕನ್ನು ಕೊಯ್ಯುವ ಪದ್ಧತಿ ನಿಂತದ್ದರ ಹಿಂದಿನ ಕಾರಣ ಇದು.

ಆದರೆ ದೊಡ್ಡ ತುಣುಕು ನಮ್ಮ ಕರಾವಳಿಯ ಗದ್ದೆಗೆ ಬೇರೊಂದು ತೊಡಕು ತರುತ್ತದೆ. ಇದರ ಚರ್ಚೆ ಸಾಕಷ್ಟು ಆಗಿಲ್ಲವೆಂದು ನನ್ನ ಅನಿಸಿಕೆ. ನಿಯಮದ ಪ್ರಕಾರ ಗದ್ದೆಯ ನೈಋತ್ಯ ಮೂಲೆಯಿಂದ ಹೊರಟು, ಯಾದೃಚ್ಛಿಕ ಸಂಖ್ಯೆಗಳಷ್ಟು ಉದ್ದಕ್ಕೂ ಅಗಲಕ್ಕೂ ನಡೆದು, ಅಲ್ಲಿ ಮೊದಲ ಗೂಟ ಹೊಡೆಯಬೇಕು. ತುಣುಕು ಪೂರ್ತಿ ಗದ್ದೆಯೊಳಗೇ ಇರಬೇಕು. ಬಯಲುಸೀಮೆಯ ವಿಶಾಲ ಹೊಲದಲ್ಲಿ ಇದು ಸುಸೂತ್ರ. ಇಲ್ಲಿ ಗದ್ದೆ ಕಿರಿದು. 8 ಮೀಟರ್ ಅಗಲದ ಗದ್ದೆಯಲ್ಲಿ 5 ಮೀಟರಿನ ಚೌಕ ಕೂರಬೇಕಾದರೆ ಅದು 0ಯಿಂದ 3 ಮೀಟರಿನೊಳಗೆ ಎಲ್ಲಿಯಾದರೂ ಶುರುವಾಗಬೇಕು. ಆಗ ಅಗಲದ ಲೆಕ್ಕದಲ್ಲಿ ನಡುವಿನ 2 ಮೀಟರ್ ಪಟ್ಟಿ ಪ್ರತಿ ಸಲವೂ ತುಣುಕಿನೊಳಗೆ ಬರುತ್ತದೆ. ಅಂಚಿನಿಂದ 30 ಸೆಂಟಿಮೀಟರ್ ದೂರದ ಬುಡಕ್ಕೆ ಆ ಅವಕಾಶ ಹತ್ತರಲ್ಲಿ ಒಂದೇ ಸಲ. ಗದ್ದೆಯ ಅಂಚಿನಲ್ಲಿ ತೆಂಗಿನ ನೆರಳಿದೆ, ಏಡಿಯ ಬಿಲವಿದೆ, ಕಳೆ ಇದೆ. ಅಲ್ಲಿನ ಪೈರು ಬಡವಾಗಿದ್ದರೆ ನಮ್ಮ ಇಳುವರಿ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ನೆರಳಿಲ್ಲದ ಬೈಲಿನಲ್ಲಿ ಅಂಚಿನ ಸಾಲಿಗೆ ಬಿಸಿಲು ಗಾಳಿ ಹೆಚ್ಚು ಸಿಕ್ಕಿ ಪೈರು ಕೊಬ್ಬಿದ್ದರೆ ಕಡಿಮೆ ಕಾಣುತ್ತದೆ. ತೆಂಗಿನ ಸಾಲಿನ ಊರುಗಳಲ್ಲಿ ಒಂದು ದಿಕ್ಕು, ತೆರೆದ ಬೈಲಿನಲ್ಲಿ ಇನ್ನೊಂದು ದಿಕ್ಕು. ಹಾಗಾಗಿ ಎರಡು ಪಂಚಾಯತುಗಳ ಹೋಲಿಕೆಯೇ ಕೆಡಬಹುದು. 5 ಮೀಟರಿಗಿಂತ ಕಿರಿದಾದ ಗದ್ದೆಯಂತೂ ಆಯ್ಕೆಯಿಂದಲೇ ಹೊರಗೆ ಬೀಳುತ್ತದೆ. ಕಿರುಗದ್ದೆ ಯಾರದು ಎಂದು ಕೇಳಿಕೊಂಡರೆ ಈ ತಪ್ಪು ಯಾವ ರೈತರ ಧ್ವನಿಯನ್ನು ಅಳಿಸುತ್ತದೆ ಎಂದು ಗೊತ್ತಾಗುತ್ತದೆ.

ತೂಕದ ವಿಷಯ. 25 ಚದರ ಮೀಟರಿನ ತೂಕವನ್ನು 400ರಿಂದ ಗುಣಿಸಿ ಹೆಕ್ಟೇರಿಗೆ ಏರಿಸುತ್ತಾರೆ. ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚುಕಡಿಮೆಯಾದರೆ ಹೆಕ್ಟೇರಿಗೆ 40 ಕಿಲೋ. ಅದಕ್ಕಿಂತ ದೊಡ್ಡದು ತೇವ. ಕಾರ್ತಿಯ ಕೊಯ್ಲು ಹಿಂಗಾರಿನ ಮಳೆಗೆ ಸಿಕ್ಕಿಕೊಳ್ಳುವುದು ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಶೇ 22 ತೇವವಿರುವ 12 ಕಿಲೋ ಭತ್ತ ಶೇ 14ಕ್ಕೆ ಒಣಗಿದಾಗ 10.9 ಕಿಲೋಕ್ಕೆ ಇಳಿಯುತ್ತದೆ. ಒಂದು ತುಣುಕಿನದನ್ನು ಒಣಗಿಸಿ ತೂಗಿ, ಇನ್ನೊಂದನ್ನು ಹಸಿಯಾಗಿಯೇ ತೂಗಿದರೆ ಅವೆರಡರ ನಡುವಿನ ಅಂತರ ಗದ್ದೆಯದಲ್ಲ, ಆಕಾಶದ್ದು. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯತ್ ಮಟ್ಟದಲ್ಲಿ ಕನಿಷ್ಠ ನಾಲ್ಕು ಕಟಾವು ಪ್ರಯೋಗ ನಡೆಯಬೇಕು. ಗದ್ದೆಯಿಂದ ಗದ್ದೆಗೆ ಇಳುವರಿ ಶೇ 30ರಷ್ಟು ಏರುಪೇರಾಗುವಲ್ಲಿ ನಾಲ್ಕರ ಸರಾಸರಿಗೂ ಶೇ 15ರ ಪ್ರಮಾಣಿತ ದೋಷ ಉಳಿಯುತ್ತದೆ. ಇಡೀ ಪಂಚಾಯತಿಯ ರೈತರಿಗೆ ಪರಿಹಾರ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಸರಾಸರಿಯ ಮೇಲೆ ನಿಂತಿದೆ. ನಾಲ್ಕರಲ್ಲಿ ಒಂದು ಗದ್ದೆಯ ಭತ್ತ ಮಳೆಯಲ್ಲಿ ನೆನೆದಿತ್ತೆಂಬ ವಿವರವನ್ನು ನಮೂನೆಯಲ್ಲಿ ಬರೆದಿಡುವುದು ಇಲ್ಲಿ ನ್ಯಾಯದ ಪ್ರಶ್ನೆ.

ಇನ್ನು ತಳಿಗಳನ್ನು ಹೋಲಿಸುವ ಪ್ರಯೋಗಗಳು. ಅವುಗಳ ವಿನ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತತ್ತ್ವಗಳು ಸಂಖ್ಯಾಶಾಸ್ತ್ರಜ್ಞ ಫಿಷರ್ 1935ರಲ್ಲಿ ಪುಸ್ತಕ ಬರೆದಾಗಲೇ ಸ್ಪಷ್ಟವಾಗಿದ್ದವು: ಹೋಲಿಸುವುದನ್ನು ಪಕ್ಕಪಕ್ಕದಲ್ಲಿಡು, ಯಾವುದು ಎಲ್ಲಿ ಎಂಬುದನ್ನು ಚೀಟಿಗೆ ಬಿಡು, ಮತ್ತೆ ಮತ್ತೆ ಮಾಡು. ಇವನ್ನು ನಮ್ಮ ನೆಲಕ್ಕೆ ಹೇಗೆ ಕೂರಿಸಬೇಕೆಂಬುದೇ ಮಾತು. ಇಲ್ಲಿ ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ನೀರು, ಗೊಬ್ಬರದ ಸಾರ, ಹೂಳು ಎಲ್ಲವೂ ಕೆಳಕ್ಕೆ ಹರಿಯುತ್ತವೆ. ಹೊಸ ತಳಿಯನ್ನು ಬೈಲಿನಲ್ಲಿ, ಹಳೆಯ ತಳಿ ಎಂಒ-4 ಅನ್ನು ಮಜಲಿನಲ್ಲಿ ನೆಟ್ಟು ಹೋಲಿಸಿದರೆ ತಳಿಯನ್ನಲ್ಲ, ಇಳಿಜಾರನ್ನು ಅಳೆದಂತಾಗುತ್ತದೆ. ಒಂದೇ ಮೆಟ್ಟಿಲಿನ ಗದ್ದೆಯನ್ನು ಒಂದು ಖಂಡವೆಂದು ಹಿಡಿದು ಅದರೊಳಗೆ ಎಲ್ಲ ತಳಿಗಳೂ ಇರುವಂತೆ ನೋಡಿಕೊಳ್ಳಬೇಕು. ಒಂದು ಗದ್ದೆಯಲ್ಲಿ ನೂರು ಬುಡದ ತೆನೆ ಎಣಿಸಿ ಮಾದರಿ ನೂರು ಎಂದು ಬರೆಯುವುದು ಬಹಳ ಕಡೆ ಕಾಣುವ ದೋಷ. ತಳಿಯನ್ನು ಹಂಚಿದ್ದು ಗದ್ದೆಗೆ, ಆದ್ದರಿಂದ ಪುನರಾವರ್ತನೆ ಒಂದೇ. ಇನ್ನೂ ಸೂಕ್ಷ್ಮವಾದದ್ದೊಂದಿದೆ. ಬ್ರಹ್ಮಾವರದ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿ ನೆರೆ ತಡೆದುಕೊಳ್ಳುವ ತಳಿ. ನೆರೆ ಬಾರದ ವರ್ಷ ಅದನ್ನು ಬೇರೆ ತಳಿಯ ಜತೆ ಹೋಲಿಸಿ ವ್ಯತ್ಯಾಸವಿಲ್ಲ ಎಂದು ಬರೆದರೆ ಅಂಕಿ ಸುಳ್ಳಲ್ಲ, ಆದರೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆ ಪ್ರಯೋಗ ಕೇಳಿಯೇ ಇಲ್ಲ.

ಕೊನೆಗೆ ಮನೆಗಳು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು, ರಾಜ್ಯದಲ್ಲೇ ಅತಿ ಹೆಚ್ಚು. ದುಡಿಯುವ ವಯಸ್ಸಿನ ಗಂಡಸರು ಪರವೂರಿನಲ್ಲಿರುವುದು ಇದರ ಹಿಂದಿನ ಒಂದು ಮುಖ್ಯ ಕಾರಣ. ಊರಲ್ಲಿರುವವರಲ್ಲೂ ಮೀನುಗಾರರು ಸಮುದ್ರದಲ್ಲಿರುತ್ತಾರೆ. ಯಕ್ಷಗಾನ ಮೇಳದವರು ನವೆಂಬರಿನಿಂದ ಮೇ ತನಕ ತಿರುಗಾಟದಲ್ಲಿದ್ದು ಹಗಲು ನಿದ್ದೆ ಮಾಡುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತಟ್ಟುವ ಸಮೀಕ್ಷೆಗೆ ಇವರಲ್ಲಿ ಹೆಚ್ಚಿನವರು ಸಿಗುವುದಿಲ್ಲ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದ ಕೋಟಿಲಿಂಗೇಶ್ವರ ದೇವರ ಕೊಡಿ ಹಬ್ಬಕ್ಕೆ ಪರವೂರಿನವರು ಬರುತ್ತಾರೆ, ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಒಯ್ಯುತ್ತಾರೆ. ಆ ವಾರ ಸಮೀಕ್ಷೆ ಮಾಡಿದರೆ ಮನೆಯಲ್ಲಿ ಜನ ತುಂಬಿರುತ್ತಾರೆ, ಖರ್ಚೂ ಹೆಚ್ಚಿರುತ್ತದೆ. ಮಳೆಗಾಲದಲ್ಲಿ ಮಾಡಿದರೆ ಅದೇ ಮನೆಯಲ್ಲಿ ಅಜ್ಜಿ ಒಬ್ಬರೇ. ಮನೆಯ ಸದಸ್ಯರೆಂದರೆ ಯಾರು, ವರ್ಷದಲ್ಲಿ ಎಷ್ಟು ತಿಂಗಳು ಇರಬೇಕು ಎಂಬುದನ್ನು ಮೊದಲೇ ನಿಗದಿ ಮಾಡಿ ಮುದ್ರಿಸದ ಸಮೀಕ್ಷೆಯ ಅಂಕಿಗಳನ್ನು ನಾನು ಬಳಸುವುದಿಲ್ಲ. ಹಳೆಯ ಅಂಕಿಗಳ ಜತೆ ಹೋಲಿಸುವವರಿಗೆ ಮತ್ತೊಂದು ಎಚ್ಚರಿಕೆ: 2011ರ ಕುಂದಾಪುರ ತಾಲ್ಲೂಕಿನಲ್ಲಿ ಬೈಂದೂರೂ ಇತ್ತು, ಉಡುಪಿ ತಾಲ್ಲೂಕಿನಲ್ಲಿ ಬ್ರಹ್ಮಾವರವೂ ಇತ್ತು. ಎರಡೂ ಬೇರೆ ತಾಲ್ಲೂಕುಗಳಾದದ್ದು ಆಮೇಲೆ. ಕುಂದಾಪುರದ ಜನಸಂಖ್ಯೆ ಕುಸಿಯಿತು ಎಂಬ ತೀರ್ಮಾನ ಹೀಗೆ ಗಡಿಗೆರೆಯಿಂದಲೇ ಹುಟ್ಟಬಲ್ಲದು.

ಬೀಗ ಹಾಕಿದ ಮನೆಯ ಸಮಸ್ಯೆ ಇವೆಲ್ಲಕ್ಕಿಂತ ದೊಡ್ಡದು. ನೂರು ಮನೆ ಆರಿಸಿದ್ದೇವೆ, ಮುವ್ವತ್ತರಲ್ಲಿ ಬೀಗ, ಉಳಿದ ಎಪ್ಪತ್ತರಲ್ಲಿ ಹದಿನಾಲ್ಕು ಮನೆಯವರು ಬೆಂಗಳೂರಿನ ಹೋಟೆಲಿನಲ್ಲಿ ಮನೆಯವರೊಬ್ಬರು ಇದ್ದಾರೆ ಎಂದರು ಎಂದಿಟ್ಟುಕೊಳ್ಳಿ. ವರದಿ ಶೇ 20 ಎನ್ನುತ್ತದೆ. ಆದರೆ ಆ ಮುವ್ವತ್ತು ಮನೆಗೆ ಬೀಗ ಬಿದ್ದಿರುವುದೇ ಎಲ್ಲರೂ ಬೆಂಗಳೂರಿಗೆ ಹೋದದ್ದರಿಂದ ಆಗಿದ್ದರೆ ಉತ್ತರ ಶೇ 44. ಅವರಲ್ಲಿ ಯಾರೂ ಹೋಗಿಲ್ಲದಿದ್ದರೆ ಶೇ 14. ನಮ್ಮ ಕೈಯಲ್ಲಿರುವ ಮಾಹಿತಿ ಹೇಳುವುದು 14 ಮತ್ತು 44ರ ನಡುವೆ ಎಂದಷ್ಟೇ. ಬೀಗ ಕಂಡ ಕೂಡಲೇ ಪಕ್ಕದ ಮನೆಗೆ ಹೋಗಿ ನೂರನ್ನು ಭರ್ತಿ ಮಾಡುವುದು ನಮ್ಮಲ್ಲಿ ಬಹಳ ರೂಢಿಯಲ್ಲಿದೆ. ಅದರಿಂದ ಈ ಅಂತರ ಕಡಿಮೆಯಾಗುವುದಿಲ್ಲ, ವರದಿಯಲ್ಲಿ ಕಾಣದಂತಾಗುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಹ್ಯಾನ್ಸನ್ ಮತ್ತು ಹರ್ವಿಟ್ಸ್ 1946ರಲ್ಲೇ ಇದಕ್ಕೆ ದಾರಿ ತೋರಿಸಿದ್ದಾರೆ: ಉತ್ತರ ಸಿಗದವರೊಳಗೇ ಒಂದು ಚಿಕ್ಕ ಮಾದರಿ ಆರಿಸಿ, ಅವರನ್ನು ಹೇಗಾದರೂ ಹುಡುಕಿ ಮುಟ್ಟಬೇಕು. ನಮ್ಮ ಲೆಕ್ಕದಲ್ಲಿ ಆ ಮುವ್ವತ್ತರಿಂದ ಹತ್ತನ್ನು ಚೀಟಿ ಎತ್ತಿ ಆರಿಸಬೇಕು. ನೆರೆಮನೆಯಿಂದ ಫೋನ್ ನಂಬರ್ ತೆಗೆದುಕೊಳ್ಳಬೇಕು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಕರೆ ಮಾಡಬೇಕು, ಹಬ್ಬಕ್ಕೆ ಬಂದಾಗ ಮನೆಗೆ ಹೋಗಬೇಕು. ಅವರು ಕೊಟ್ಟ ಉತ್ತರಕ್ಕೆ ಮೂರು ಪಟ್ಟು ಭಾರ ಕೊಟ್ಟು ಎಪ್ಪತ್ತರ ಜತೆ ಕೂಡಿಸಬೇಕು. ಸಮೀಕ್ಷೆಗೆ ಹಣ ಇನ್ನೂ ಉಳಿದಿದ್ದರೆ ಹೊಸ ನೂರು ಮನೆಗಳ ಬದಲು ಈ ಹತ್ತು ಮನೆಗಳಿಗೆ ಅದನ್ನು ಮೊದಲು ಖರ್ಚು ಮಾಡಬೇಕು.